ಬೋರ್ ಮಾಡಿಸಿದ ಎಂಜಿನ್‌ಗೆ ಮೊದಲ ಆಯಿಲ್ ಯಾವುದು? ಮಿನರಲ್, ಡೀಸೆಲ್ ಆಯಿಲ್, ಬ್ರೇಕ್-ಇನ್, ಸಿಂಥೆಟಿಕ್: ಒಂದು ಹೋಲಿಕೆ

ಎಂಜಿನ್ ಇಳಿಸಿ, ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ), ಹೊಸ ಪಿಸ್ಟನ್, ಅದರ ಸುತ್ತ ಕೂರೋ ಹೊಸ ರಿಂಗ್ ಹಾಕಿ ಜೋಡಿಸಿದ್ದಾಯ್ತು. ಇನ್ನು ಆಯಿಲ್ ಹಾಕಬೇಕು. ಇಲ್ಲಿಗೆ ಬಂದಾಗ ಒಬ್ಬೊಬ್ಬರದು ಒಂದೊಂದು ಮಾತು. ಮೆಕ್ಯಾನಿಕ್ "ಸಾರ್, ಮಾಮೂಲಿ ಟ್ವೆಂಟಿ ಫಾರ್ಟಿ ಸಾಕು" ಅಂತಾನೆ. ಅಂದ್ರೆ 20ಡಬ್ಲ್ಯು-40, ಕಚ್ಚಾ ಎಣ್ಣೆ ಸೋಸಿ ಮಾಡಿದ ಮಿನರಲ್ ಆಯಿಲ್. ಸ್ಪೇರ್ಸ್ ಅಂಗಡಿಯವರು ಇರೋದರಲ್ಲೇ ದುಬಾರಿ ಡಬ್ಬ ತೆಗೆದಿಡುತ್ತಾರೆ. ಗೆಳೆಯನೊಬ್ಬ ಅಮೆರಿಕದ ಯಾವುದೋ ವಿಡಿಯೊ ನೋಡಿಕೊಂಡು ಬಂದು, ಬ್ರೇಕ್-ಇನ್ ಆಯಿಲ್ (ಹೊಸ ಎಂಜಿನ್ ಪಳಗೋ ತನಕ ಮಾತ್ರ ಹಾಕೋದು) ತರಿಸಲಿಲ್ಲ ಅಂದ್ರೆ ಎಂಜಿನ್ ಹೋಯ್ತು ಅಂತ ಹೆದರಿಸುತ್ತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೂರು ಸಿಸಿಯಿಂದ ಇನ್ನೂರು ಸಿಸಿ ಒಳಗಿನ ಮಾಮೂಲಿ ಬೈಕ್ ಆಗಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿ. ಆದರೆ ಅದೇ ಮಾತು ಹಳೆ ಅಂಬಾಸಿಡರ್‌ಗೆ, ಟ್ರ್ಯಾಕ್ಟರ್‌ಗೆ, ಈಗಿನ ಸ್ವಿಫ್ಟ್‌ಗೆ ಹಾಗೇ ಅನ್ವಯಿಸಲ್ಲ. ಅಲ್ಲಿ ಉತ್ತರ ಬೇರೆ. ಹಾಗಾಗಿ ಯಾವ ಬ್ರ್ಯಾಂಡ್ ಅಂತ ಕೇಳೋ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿದೆಯಾ? ಎರಡು, ವಾಲ್ವ್ ತೆರೆಸೋ ಉಬ್ಬಿನ ಶಾಫ್ಟ್ ಅಂದ್ರೆ ಕ್ಯಾಮ್, ಅದರ ಮೇಲೆ ಕೂರೋ ಟ್ಯಾಪೆಟ್ ಚಪ್ಪಟೆ ತಳದ್ದಾ? ಮೂರು, ಸೈಲೆನ್ಸರ್ ಕಡೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡೋದು) ಅಥವಾ ಡಿಪಿಎಫ್ (ಡೀಸೆಲ್ ಮಸಿ ಹಿಡಿಯೋ ಫಿಲ್ಟರ್) ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಗೊಂದಲ ಹೋಯ್ತು.

ಮೊದಲು, ಒಳಗೆ ಏನಾಗುತ್ತದೆ

ಬೋರ್ ಮಾಡಿದ ಮೇಲೆ ಸಿಲಿಂಡರ್ ಒಳಗೆ ಹೋನಿಂಗ್ ಮಾಡುತ್ತಾರೆ, ಅಂದ್ರೆ ಕಲ್ಲು ತಿರುಗಿಸಿ ಉಜ್ಜುತ್ತಾರೆ. ಒಳಗೆ ಬೆಳಕು ಹಾಕಿ ನೋಡಿದರೆ ಒಂದರ ಮೇಲೊಂದು ಅಡ್ಡಡ್ಡ ಹಾಯ್ದ ಸಣ್ಣ ಗೆರೆಗಳು ಕಾಣಿಸುತ್ತವೆ. ಬೀಸುಕಲ್ಲು ನುಣುಪಾದಾಗ ಉಳಿಯಲ್ಲಿ ಕುಟ್ಟಿಸಿ ಒರಟು ಮಾಡಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಆ ಗೆರೆಗಳ ತುದಿಗಳು ಹೊಸ ರಿಂಗ್‌ನ ಅಂಚನ್ನು ಸವೆಸುತ್ತವೆ, ರಿಂಗ್ ಆ ತುದಿಗಳನ್ನು ಸವೆಸುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಗ್ಯಾಸ್ ಕೆಳಗೆ ಸೋರಲ್ಲ, ಆಯಿಲ್ ಮೇಲೆ ಬರಲ್ಲ. ಇದಕ್ಕೇ ರಿಂಗ್ ಕೂರೋದು ಅನ್ನೋದು. ಗೆರೆಗಳ ತಗ್ಗಿನಲ್ಲಿ ಆಯಿಲ್ ಉಳಿದುಕೊಂಡು ಮುಂದಿನ ಇಷ್ಟು ವರ್ಷ ಸಿಲಿಂಡರ್ ಕಾಯುತ್ತದೆ.

ರಿಂಗ್ ಗೋಡೆಗೆ ಒತ್ತಿಕೊಳ್ಳೋದು ಬರೀ ಅದರ ಸ್ಪ್ರಿಂಗ್ ಬಲದಿಂದ ಅಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡ ರಿಂಗ್‌ನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಅಂದ್ರೆ ಎಂಜಿನ್ ಮೇಲೆ ಲೋಡ್ ಇಲ್ಲದೆ ರಿಂಗ್ ಕೂರಲ್ಲ. ಸುಮ್ನೆ ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ, ಇಲ್ಲಾ ಹೊಸ ಎಂಜಿನ್ ಅಂತ ಹೆದರಿ ಇಪ್ಪತ್ತರ ಸ್ಪೀಡಿನಲ್ಲೇ ತೆವಳಿಸಿದರೆ, ರಿಂಗ್ ಆಯಿಲ್ ಪದರದ ಮೇಲೇ ಜಾರುತ್ತಾ ಇರುತ್ತದೆ. ಆ ಆಯಿಲ್ ಬಿಸಿಗೆ ಸುಟ್ಟು ಗೆರೆಗಳ ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಸಿಲಿಂಡರ್ ಗಾಜಿನಂತೆ ಹೊಳೆಯುತ್ತದೆ. ಗ್ಲೇಜಿಂಗ್ ಅಂದ್ರೆ ಇದೇ. ಒಮ್ಮೆ ಹಾಗಾದರೆ ಯಾವ ಆಯಿಲ್ ಹಾಕಿದರೂ ಸರಿ ಹೋಗಲ್ಲ, ಬಿಚ್ಚಿ ಮತ್ತೆ ಹೋನ್ ಮಾಡಿಸಬೇಕು.

ಇದು ರಿಂಗ್ ಕಥೆ. ಅದಕ್ಕೆ ಸ್ವಲ್ಪ ಸವೆತ ಬೇಕು. ಆದರೆ ಅದೇ ಎಂಜಿನ್‌ನಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ಇವೆ, ಅವಕ್ಕೆ ಸವೆತ ಬೇಡವೇ ಬೇಡ. ಒಂದೇ ಆಯಿಲ್‌ನಿಂದ ಇಬ್ಬರನ್ನೂ ಸಮಾಧಾನ ಮಾಡಬೇಕು. ಎಲ್ಲ ಜಗಳ ಇರೋದು ಇಲ್ಲೇ.

ಕ್ಯಾಮ್ ಕಾಯೋ ವಸ್ತು ಜಿಂಕ್ ಮತ್ತು ಫಾಸ್ಫರಸ್ ಇರುವ ಒಂದು ರಾಸಾಯನಿಕ, ಜೆಡ್‌ಡಿಡಿಪಿ ಅಂತಾರೆ. ಲೋಹಕ್ಕೆ ಲೋಹ ತಾಗಿ ಬಿಸಿಯಾಗುವ ಕಡೆ ಇದು ತೆಳುವಾದ ಪದರ ಕಟ್ಟಿ ತಾನು ಸವೆಯುತ್ತದೆ, ಲೋಹವನ್ನು ಉಳಿಸುತ್ತದೆ. ತೊಂದರೆ ಏನಂದ್ರೆ ಇದರೊಳಗಿನ ಫಾಸ್ಫರಸ್ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಹಾಳು ಮಾಡುತ್ತದೆ. ಅದಕ್ಕೇ ಎಪಿಐ ಅನ್ನೋ ಅಮೆರಿಕದ ಸಂಸ್ಥೆಯ 2004ರ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯು-30, 10ಡಬ್ಲ್ಯು-30 ತರಹದ (ಈ ನಂಬರ್ ಆಯಿಲ್‌ನ ದಪ್ಪ ಹೇಳುತ್ತದೆ, ದೊಡ್ಡದಾದಷ್ಟೂ ದಪ್ಪ) ತೆಳು ಕಾರ್ ಆಯಿಲ್‌ಗಳಲ್ಲಿ ಫಾಸ್ಫರಸ್ ಶೇಕಡಾ 0.08 ಮೀರುವಂತಿಲ್ಲ. ಹಳೇ ಕಾಲದ ಆಯಿಲ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತಿತ್ತು.

ಮಾಮೂಲಿ ಮಿನರಲ್ ಬೈಕ್ ಆಯಿಲ್

20ಡಬ್ಲ್ಯು-40 ಅಥವಾ 20ಡಬ್ಲ್ಯು-50, ಡಬ್ಬದ ಮೇಲೆ 4ಟಿ ಅಂತ, ಹಿಂದೆ ಜಾಸೊ ಎಂಎ ಅಥವಾ ಎಂಎ2 ಅಂತ ಇರುತ್ತದೆ. ಜಾಸೊ ಜಪಾನಿನ ಸಂಸ್ಥೆ, ಎಂಎ ಅಂದ್ರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಆಗುತ್ತದೆ ಅಂತ ಪರೀಕ್ಷೆ ಪಾಸಾದದ್ದು. ಸರ್ವೊ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್, ಯಾವುದಾದರೂ ಆಗಲಿ. ಪೆಟ್ರೋಲ್ ಬಂಕ್‌ನಲ್ಲೇ ಸಿಗುತ್ತದೆ.

ಜನ ಇದನ್ನು ಅಗ್ಗದ ಆಯಿಲ್ ಅಂತ ಮೂಗು ಮುರಿಯುತ್ತಾರೆ. ಆದರೆ ರನ್ನಿಂಗ್ ಇನ್ (ಹೊಸ ಎಂಜಿನ್ ಪಳಗಿಸೋ) ಕೆಲಸಕ್ಕೆ ಇದರಲ್ಲಿ ಬೇಕಾದ್ದೆಲ್ಲ ಇದೆ. ಎಂಎ ಗುರುತು ಇದ್ದರೆ ಜಾರಿಸುವ ಫ್ರಿಕ್ಷನ್ ಮಾಡಿಫೈಯರ್‌ಗಳನ್ನು ಸುರಿದಿಲ್ಲ ಅಂತ ಅರ್ಥ, ಯಾಕಂದ್ರೆ ಸುರಿದಿದ್ದರೆ ಕ್ಲಚ್ ಜಾರಿ ಆ ಪರೀಕ್ಷೆಯಲ್ಲೇ ಫೇಲ್ ಆಗುತ್ತಿತ್ತು. ಕ್ಲಚ್‌ಗೆ ಒಳ್ಳೇದು, ರಿಂಗ್ ಕೂರೋದಕ್ಕೂ ಒಳ್ಳೇದು. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಿರಲ್ಲ: ಜಾಸೊದ 2011ರ ನಿಯಮದ ಪ್ರಕಾರ ಬೈಕ್ ಆಯಿಲ್‌ನಲ್ಲಿ ಫಾಸ್ಫರಸ್ ಕನಿಷ್ಠ ಶೇಕಡಾ 0.08, ಗರಿಷ್ಠ 0.12 ಇರಬೇಕು. ಅಂದ್ರೆ ತೆಳು ಕಾರ್ ಆಯಿಲ್ ಎಲ್ಲಿ ನಿಲ್ಲುತ್ತದೋ ಬೈಕ್ ಆಯಿಲ್ ಅಲ್ಲಿಂದ ಶುರುವಾಗುತ್ತದೆ.

ಕೊರತೆ ಒಂದೇ, ಬಿಸಿ ತಡೆಯೋ ಶಕ್ತಿ ಸಿಂಥೆಟಿಕ್‌ನಷ್ಟು ಇಲ್ಲ, ಬೇಗ ತೆಳುವಾಗುತ್ತದೆ. ಮೂರು ಸಾವಿರ ಕಿಲೋಮೀಟರ್ ಓಡಿಸೋರಿಗೆ ಅದು ಕೊರತೆ. ಐನೂರಕ್ಕೆ ಚೆಲ್ಲೋ ಆಯಿಲ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಡೀಸೆಲ್ ಎಂಜಿನ್ ಆಯಿಲ್

15ಡಬ್ಲ್ಯು-40, ಎಪಿಐ ಸಿಐ-4 ಅಥವಾ ಸಿಎಚ್-4. ಲಾರಿ, ಟ್ರ್ಯಾಕ್ಟರ್, ಜೀಪ್‌ಗೆ ಹಾಕೋದು. ಇದರಲ್ಲಿ ಜಿಂಕ್ (ಅಂದ್ರೆ ಮೇಲೆ ಹೇಳಿದ ಜೆಡ್‌ಡಿಡಿಪಿ) ಚೆನ್ನಾಗಿದೆ ಅನ್ನೋ ಕಾರಣಕ್ಕೆ ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರು ಲೋಕದ ತುಂಬ ಇದನ್ನೇ ಹಾಕುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಡೀಸೆಲ್ ಆಯಿಲ್‌ನಲ್ಲಿ ಮಸಿ ತೊಳೆಯೋ ಡಿಟರ್ಜೆಂಟ್ ಕೂಡ ಜಾಸ್ತಿ. ಈ ಡಿಟರ್ಜೆಂಟ್ ಮತ್ತು ಜಿಂಕ್ ಇಬ್ಬರೂ ಅದೇ ಲೋಹದ ಮೇಲ್ಮೈಗೆ ಪೈಪೋಟಿ ಮಾಡುತ್ತವೆ, ಹಾಗಾಗಿ ಡಬ್ಬದಲ್ಲಿ ಇರುವ ಜಿಂಕ್ ಎಲ್ಲ ಕ್ಯಾಮ್ ಮೇಲೆ ಕೂರುತ್ತದೆ ಅಂತ ಲೆಕ್ಕ ಹಾಕೋ ಹಾಗಿಲ್ಲ. ಸಿಜೆ-4, ಸಿಕೆ-4 ಅಂತ ಇರುವ ಹೊಸ ಡಬ್ಬಗಳು ಡಿಪಿಎಫ್ ಇರುವ ಗಾಡಿಗಳನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಜಿಂಕ್ ಬೇಕು ಅಂತಲೇ ಡೀಸೆಲ್ ಆಯಿಲ್ ಹುಡುಕುತ್ತಿದ್ದರೆ ಸಿಐ-4 ನೋಡಿ.

ಡೀಸೆಲ್ ಎಂಜಿನ್‌ಗೆ ಇದೇ ಸರಿಯಾದ ಆಯ್ಕೆ, ಚರ್ಚೆಯೇ ಬೇಡ. ಬೈಕ್‌ಗೆ ಹಾಕೋರೂ ಇದ್ದಾರೆ. ಸಾಮಾನ್ಯವಾಗಿ ಕ್ಲಚ್ ಜಾರಲ್ಲ ಅಂತ ಅನುಭವ ಹೇಳುತ್ತದೆ, ಆದರೆ ಎಂಎ ಪರೀಕ್ಷೆ ಆಗಿರದ ಆಯಿಲ್ ಹಾಕಿ ಕ್ಲಚ್ ಪ್ಲೇಟ್ ಪಣಕ್ಕಿಡೋದು ಯಾಕೆ, ಪಕ್ಕದ ರ‍್ಯಾಕ್‌ನಲ್ಲೇ ಬೈಕ್ ಆಯಿಲ್ ಇದ್ದಾಗ?

ಬ್ರೇಕ್-ಇನ್ ಆಯಿಲ್ ಅಂತಲೇ ಬರುವುದು

ಅಮೆರಿಕದಲ್ಲಿ ಡ್ರಿವನ್, ಲೂಕಸ್ ಕಂಪನಿಗಳದ್ದು, ಇಂಗ್ಲೆಂಡ್‌ನಲ್ಲಿ ಮಿಲ್ಲರ್ಸ್‌ನ ಸಿಆರ್‌ಒ ಸಿಗುತ್ತವೆ. ಜಿಂಕ್ ಜಾಸ್ತಿ, ಡಿಟರ್ಜೆಂಟ್ ಕಡಿಮೆ, ಜಾರಿಸೋ ವಸ್ತು ಇಲ್ಲ, ಹೆಚ್ಚಿನವು ಮಿನರಲ್. ಕಾಗದದ ಮೇಲೆ ಇದೇ ಅತ್ಯುತ್ತಮ. ಎರಡು ಕೆಲಸವನ್ನೂ ಒಂದೇ ಡಬ್ಬ ಮಾಡುತ್ತದೆ.

ಆದರೆ ಇದು ಯಾರಿಗಾಗಿ ಹುಟ್ಟಿದ್ದು ಅಂತ ನೋಡಿ. ಅಲ್ಲಿನ ಹಳೇ ವಿ8 ಎಂಜಿನ್‌ಗಳು, ಚಪ್ಪಟೆ ಟ್ಯಾಪೆಟ್, ಅದರ ಮೇಲೆ ರೇಸಿಂಗ್ ಕ್ಯಾಮ್ ಹಾಕಿ, ಗಟ್ಟಿ ವಾಲ್ವ್ ಸ್ಪ್ರಿಂಗ್ ಕೂರಿಸಿ ಓಡಿಸೋರು. ಅಂಥ ಎಂಜಿನ್‌ನಲ್ಲಿ ಮೊದಲ ಇಪ್ಪತ್ತು ನಿಮಿಷದಲ್ಲೇ ಕ್ಯಾಮ್‌ನ ಉಬ್ಬು ಸವೆದು ಚಪ್ಪಟೆ ಆಗಿಬಿಡಬಹುದು. ಅವರಿಗೆ ಈ ಆಯಿಲ್ ವಿಮೆ ಇದ್ದಂತೆ. ನಮ್ಮ ಸ್ಪ್ಲೆಂಡರ್‌ನ ವಾಲ್ವ್ ಸ್ಪ್ರಿಂಗ್‌ಗೆ ಅಷ್ಟು ಬಲವೇ ಇಲ್ಲ. ಹೊರದೇಶದಿಂದ ತರಿಸಿ, ಸುಂಕ ಕಟ್ಟಿ, ಲೀಟರ್‌ಗೆ ಸಿಕ್ಕಾಪಟ್ಟೆ ಕೊಟ್ಟು, ಕೊನೆಗೆ ಐನೂರು ಕಿಲೋಮೀಟರ್‌ಗೆ ಚೆಲ್ಲೋದು ನನಗಂತೂ ಸರಿ ಕಾಣಲ್ಲ. ಆ ದುಡ್ಡಲ್ಲಿ ಮಿನರಲ್ ಆಯಿಲ್ ಮೂರು ಸಲ ಬದಲಾಯಿಸಬಹುದು, ಎಂಜಿನ್‌ಗೆ ಅದರಿಂದ ಆಗೋ ಉಪಕಾರ ಜಾಸ್ತಿ. ಅಮೆರಿಕ, ಇಂಗ್ಲೆಂಡ್‌ನಲ್ಲಿದ್ದು ಹಳೇ ಗಾಡಿ ಕಟ್ಟುತ್ತಿರುವ ಕನ್ನಡಿಗರಿದ್ದರೆ ಮಾತು ಬೇರೆ. ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ತಗೊಳ್ಳಿ. ಬೈಕ್‌ಗೆ ಹಾಕೋದಾದರೆ ಮಾತ್ರ ಮುಳುಗಿದ ಕ್ಲಚ್‌ಗೆ ಆಗುತ್ತದಾ ಅಂತ ಡಬ್ಬದ ಮೇಲೆ ಓದಿಯೇ ಹಾಕಿ.

ಸಿಂಥೆಟಿಕ್

ರಾಸಾಯನಿಕವಾಗಿ ತಯಾರಿಸಿದ ಆಯಿಲ್ ಇದು. ಇದರ ಬಗ್ಗೆ ಎರಡು ಪಂಗಡ ಇವೆ. ಒಂದು, ಸಿಂಥೆಟಿಕ್ ಹಾಕಿದರೆ ರಿಂಗ್ ಕೂರೋದೇ ಇಲ್ಲ ಅಂತ. ಇನ್ನೊಂದು, ಕಾರ್ಖಾನೆಯವರೇ ಸಿಂಥೆಟಿಕ್ ತುಂಬಿ ಕಳಿಸುತ್ತಾರಲ್ಲ, ಹಾಗಾದರೆ ನಮಗೇನು ಅಂತ.

ಎರಡನೇ ಪಂಗಡದವರ ಮಾತಿನಲ್ಲಿ ಹುರುಳಿದೆ. ಶೆವರ್ಲೆ ಕಾರ್ವೆಟ್‌ಗೆ 1992ರಿಂದಲೇ ಕಾರ್ಖಾನೆಯಲ್ಲಿ ಮೊಬಿಲ್ 1 ಸಿಂಥೆಟಿಕ್ ತುಂಬುತ್ತಿದ್ದರು, ಪೋರ್ಶೆ 1996ರಿಂದ. ಅವುಗಳ ರಿಂಗ್ ಕೂರದೇ ಹೋಗಿಲ್ಲ. ಆದರೆ ಆ ಕಾರ್ಖಾನೆಯ ಸಿಲಿಂಡರ್ ಯಂತ್ರದಲ್ಲಿ ಎರಡು ಮೂರು ಹಂತದ ಹೋನಿಂಗ್ ಆಗಿ, ಗೆರೆಗಳ ಚೂಪು ತುದಿಗಳನ್ನು ಮೊದಲೇ ಕತ್ತರಿಸಿ ಬರುತ್ತದೆ. ರಿಂಗ್ ಮಾಡಬೇಕಾದ ಸವೆತದ ಕೆಲಸ ಅರ್ಧಕ್ಕಿಂತ ಜಾಸ್ತಿ ಯಂತ್ರವೇ ಮುಗಿಸಿರುತ್ತದೆ. ನಮ್ಮ ಊರಿನ ಲೇತ್ ಅಂಗಡಿಯಲ್ಲಿ ಒಳ್ಳೆ ಕೈ ಇರುವ ಮೇಸ್ತ್ರಿ ಸಿಕ್ಕರೂ, ಬೋರ್ ಮಾಡಿ ಹೋನಿಂಗ್ ಕಲ್ಲು ಒಂದು ಸುತ್ತು ಆಡಿಸಿದ ಮೇಲೆ ಉಳಿಯೋ ಒರಟು ಜಾಸ್ತಿಯೇ. ಸವೆಯೋ ಲೋಹದ ಪುಡಿಯೂ ಜಾಸ್ತಿ.

ಹಾಗಾಗಿ ಸಿಂಥೆಟಿಕ್ ಬೇಡ ಅನ್ನೋದಕ್ಕೆ ನನ್ನ ಕಾರಣ ರಿಂಗ್ ಕೂರಲ್ಲ ಅನ್ನೋ ಭಯಕ್ಕಿಂತ ಹೆಚ್ಚಾಗಿ ದುಡ್ಡಿನದು. ಬೆಲೆ ಮಿನರಲ್‌ನ ಎರಡರಷ್ಟು ಅಥವಾ ಇನ್ನೂ ಜಾಸ್ತಿ, ಅದನ್ನು ಐವತ್ತು ಕಿಲೋಮೀಟರ್ ಆದಾಗ ಒಮ್ಮೆ, ಐನೂರು ಆದಾಗ ಮತ್ತೊಮ್ಮೆ ಚೆಲ್ಲಬೇಕು. ಯಾರಿಗೂ ಮನಸ್ಸು ಬರಲ್ಲ. ದುಬಾರಿ ಆಯಿಲ್ ಹಾಕಿದವರು ಇನ್ನೂ ಚೆನ್ನಾಗಿದೆ ಬಿಡು ಅಂತ ಎರಡು ಸಾವಿರದ ತನಕ ಓಡಿಸುತ್ತಾರೆ, ಆ ಲೋಹದ ಪುಡಿ ಬೇರಿಂಗ್, ಆಯಿಲ್ ಪಂಪ್ ಎಲ್ಲ ಸುತ್ತುತ್ತಾ ಇರುತ್ತದೆ. ಅಗ್ಗದ ಆಯಿಲ್‌ನ ದೊಡ್ಡ ಗುಣವೇ ಅದನ್ನು ಚೆಲ್ಲೋಕೆ ಕೈ ಬರುತ್ತದೆ ಅನ್ನೋದು.

ನಿಕಾಸಿಲ್ ಅನ್ನೋ ಗಡಸು ಲೇಪನದ ಸಿಲಿಂಡರ್ ಇದ್ದರೆ, ಉದಾಹರಣೆಗೆ ಡ್ಯೂಕ್ 390, ಈ ಮಾತೆಲ್ಲ ಬದಲಾಗುತ್ತದೆ. ಅದನ್ನು ಸಾಮಾನ್ಯ ರೀತಿಯಲ್ಲಿ ಬೋರ್ ಮಾಡೋಕೇ ಆಗಲ್ಲ, ಹೊಸ ಸಿಲಿಂಡರ್ ಕಿಟ್ ಬರುತ್ತದೆ. ಅದಕ್ಕೆ ಮ್ಯಾನುಯಲ್‌ನಲ್ಲಿ ಬರೆದಿರುವ ಆಯಿಲ್ ಹಾಕಿ ಬೇಗ ಬದಲಾಯಿಸಿ, ಅಷ್ಟೇ. ಸೆಮಿ ಸಿಂಥೆಟಿಕ್ (ಮಿನರಲ್, ಸಿಂಥೆಟಿಕ್ ಬೆರೆಸಿದ್ದು) ಬಗ್ಗೆ ಹೆಚ್ಚು ಹೇಳೋದಿಲ್ಲ. ಮಿನರಲ್ ಸಿಗದೇ ಇದ್ದಾಗ ಹಾಕಬಹುದು.

ಎಸ್‌ಎಇ 30, 40 ಸಿಂಗಲ್ ಗ್ರೇಡ್

ಹಳೇ ಮೆಕ್ಯಾನಿಕ್‌ಗಳು ಈಗಲೂ ಒಂದೇ ನಂಬರ್ ಇರುವ ಈ ಆಯಿಲನ್ನೇ ಹೇಳುತ್ತಾರೆ. ತಪ್ಪಿಲ್ಲ. ನಮ್ಮಲ್ಲಿ ಹಿಮ ಬೀಳಲ್ಲ, ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ 40 ನಂಬರ್ ಒಳ್ಳೆಯದೇ. ಮಡಿಕೇರಿಯ ಜನವರಿ ಬೆಳಗ್ಗೆ ಅದೇ ಆಯಿಲ್ ಗಟ್ಟಿಯಾಗಿ ಮೇಲಕ್ಕೆ ಹತ್ತೋಕೆ ತಡ ಮಾಡುತ್ತದೆ, ಅಲ್ಲಿ 20ಡಬ್ಲ್ಯು-40 ಮೇಲು. ಒಂದೇ ಎಚ್ಚರಿಕೆ, ಡಿಟರ್ಜೆಂಟ್ ಇಲ್ಲದ ಎಪಿಐ ಎಸ್‌ಎ ದರ್ಜೆಯದ್ದು ಬೇಡ. "ಹೊಸ ಎಂಜಿನ್‌ಗೆ ಪ್ಲೇನ್ ಆಯಿಲ್ ಹಾಕು" ಅನ್ನೋ ಹಳೇ ಮಾತು ಅದರದ್ದು. ಆ ಆಯಿಲ್‌ನಲ್ಲಿ ಸವೆತ ತಡೆಯೋ ವಸ್ತುವೂ ಇರಲ್ಲ, ಕ್ಯಾಮ್ ಕಾಯೋರು ಯಾರು?

ಯಾವ ಗಾಡಿಗೆ ನಾನು ಯಾವುದು ಹಾಕುತ್ತೇನೆ

ಸ್ಪ್ಲೆಂಡರ್, ಪ್ಯಾಷನ್, ಪಲ್ಸರ್, ಯೂನಿಕಾರ್ನ್, ಅಪಾಚೆ: ಮಿನರಲ್ 4ಟಿ, ಎಂಎ ಅಥವಾ ಎಂಎ2, ಗ್ರೇಡ್ 20ಡಬ್ಲ್ಯು-40 ಇಲ್ಲಾ ಮ್ಯಾನುಯಲ್ ಹೇಳಿದ್ದು. ನೂರು ಸಿಸಿ ಸ್ಪ್ಲೆಂಡರ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ, ಒಂದು ಜಾಲರಿ ಮತ್ತು ತಿರುಗುತ್ತಾ ಕೊಳೆ ಹಿಡಿಯೋ ಕಪ್ ಮಾತ್ರ. ಹಾಗಾಗಿ ಮೊದಲ ಆಯಿಲ್ ಬೇಗ ಚೆಲ್ಲೋದು ಇದಕ್ಕೆ ಬೇರೆಲ್ಲಕ್ಕಿಂತ ಮುಖ್ಯ, ಆಗಲೇ ಆ ಜಾಲರಿ, ಕಪ್ ಎರಡನ್ನೂ ತೊಳೆಸಿ. ಮೆಕ್ಯಾನಿಕ್ ತಾನಾಗಿ ಮಾಡಲ್ಲ, ನೀವೇ ನಿಂತು ಕೇಳಬೇಕು.

ಆಕ್ಟಿವಾ ತರಹದ ಸ್ಕೂಟರ್‌ಗಳ ಕ್ಲಚ್ ಆಯಿಲ್‌ನಲ್ಲಿ ಇಲ್ಲ, ಒಣ ಕ್ಲಚ್. ಅದಕ್ಕೆ ಎಂಬಿ ಗುರುತಿನ ಸ್ಕೂಟರ್ ಆಯಿಲ್ ಬರುತ್ತದೆ. ಎಂಬಿ ಅಂದ್ರೆ ಜಾರು ಜಾಸ್ತಿ. ರನ್ನಿಂಗ್ ಇನ್ ಮುಗಿಯೋ ತನಕ ಅದೇ ಗ್ರೇಡ್‌ನ ಎಂಎ ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ.

ಬುಲೆಟ್‌ನಲ್ಲಿ ಎರಡು ಲೋಕ ಇವೆ. ಹಳೇ ಕಾಸ್ಟ್ ಐರನ್ ಎಂಜಿನ್‌ನಲ್ಲಿ ಕ್ಲಚ್ ಬೇರೆ ಡಬ್ಬಿಯಲ್ಲಿ ಬೇರೆ ಆಯಿಲ್‌ನಲ್ಲಿ ಇರುತ್ತದೆ, ಗೇರ್ ಬಾಕ್ಸ್ ಅದಕ್ಕೂ ಬೇರೆ. ಹಾಗಾಗಿ ಎಂಜಿನ್‌ಗೆ ಹಾಕೋ ಆಯಿಲ್‌ಗೂ ಕ್ಲಚ್‌ಗೂ ಸಂಬಂಧ ಇಲ್ಲ. ಚಪ್ಪಟೆ ಟ್ಯಾಪೆಟ್, ಅದರ ಚಲನೆಯನ್ನು ಮೇಲಿನ ವಾಲ್ವ್‌ಗೆ ಮುಟ್ಟಿಸೋ ಉದ್ದ ಕಡ್ಡಿ (ಪುಶ್‌ರಾಡ್). 20ಡಬ್ಲ್ಯು-50 ಮಿನರಲ್ ಹಾಕಿ, ಜೋಡಿಸುವಾಗ ಕ್ಯಾಮ್ ಮತ್ತು ಟ್ಯಾಪೆಟ್ ತಳಕ್ಕೆ ಅಸೆಂಬ್ಲಿ ಲೂಬ್ ಅನ್ನೋ ದಪ್ಪ ಜಿಡ್ಡು ಹಚ್ಚಿರಲಿ. ಆಯಿಲ್ ಬದಲಾಯಿಸುವಾಗ ಡ್ರೈನ್ ಬೋಲ್ಟ್ ಒಂದಕ್ಕಿಂತ ಜಾಸ್ತಿ ಇರುತ್ತದೆ ಅನ್ನೋದನ್ನ ಮರೀಬೇಡಿ, ಒಂದೇ ಬಿಚ್ಚಿ ಹೊಸದು ಸುರಿದರೆ ಹಳೇ ಪುಡಿ ಅರ್ಧ ಒಳಗೇ ಉಳಿಯುತ್ತದೆ. ಆಮೇಲೆ ಬಂದ, ಎಲ್ಲ ಒಂದೇ ಡಬ್ಬಿಯಲ್ಲಿರುವ ಯುಸಿಇ ಎಂಜಿನ್‌ನಲ್ಲಿ ಎಂಜಿನ್, ಕ್ಲಚ್, ಗೇರ್ ಎಲ್ಲಕ್ಕೂ ಒಂದೇ ಆಯಿಲ್. ಅದಕ್ಕೆ ಕಂಪನಿ ಹೇಳೋದು 15ಡಬ್ಲ್ಯು-50, ಎಂಎ ಅಥವಾ ಎಂಎ2 ಇರಲೇಬೇಕು.

ಅಂಬಾಸಿಡರ್‌ನ ಹಳೆಯ 1489 ಸಿಸಿ, ಪದ್ಮಿನಿಯ 1089 ಸಿಸಿ ಪೆಟ್ರೋಲ್ ಎಂಜಿನ್: ಇವು ಪುಶ್‌ರಾಡ್ ಕಾಲದವು, ಕ್ಯಾಟಲಿಟಿಕ್ ಕನ್ವರ್ಟರ್ ಚಿಂತೆ ಇಲ್ಲ. ಇಲ್ಲಿ ಹೊಸ ತೆಳು ಕಾರ್ ಆಯಿಲ್ ಹಾಕೋದು ದೊಡ್ಡ ತಪ್ಪು. ನನ್ನ ಆಯ್ಕೆ 20ಡಬ್ಲ್ಯು-50 ಮಿನರಲ್ ಬೈಕ್ ಆಯಿಲ್. ಕಾರ್‌ಗೆ ಬೈಕ್ ಆಯಿಲ್ಲಾ ಅಂತ ಅಂಗಡಿಯವರು ನಗಬಹುದು, ನಗಲಿ. ಕ್ಲಚ್ ಒಣಗಿರೋದರಿಂದ ಎಂಎ ಗುರುತು ಬೇಕಿಲ್ಲ ನಿಜ, ಆದರೆ ಆ ಗುರುತಿನ ಜೊತೆಗೆ ಬರೋ ಜಿಂಕ್ ಲೆಕ್ಕ ನಮಗೆ ಬೇಕು. ಎರಡನೇ ಆಯ್ಕೆ ಸಿಐ-4 ಡೀಸೆಲ್ ಆಯಿಲ್. ಮಾರುತಿ 800ಕ್ಕೂ 20ಡಬ್ಲ್ಯು-50 ಇಲ್ಲಾ 15ಡಬ್ಲ್ಯು-40 ಮಿನರಲ್ ಸಾಕು.

ಸ್ವಿಫ್ಟ್, ಐ10 ಕಾಲದ ಕಾರ್‌ಗಳಿಗೆ ದಪ್ಪ ಆಯಿಲ್ ಹಾಕಬೇಡಿ. ಅವುಗಳ ಆಯಿಲ್ ದಾರಿಗಳು ಸಣ್ಣ, ಬೇರಿಂಗ್ ಸಂದು ಕಡಿಮೆ, ಕೆಲವಲ್ಲಿ ವಾಲ್ವ್ ಟೈಮಿಂಗ್ ಬದಲಿಸೋ ವ್ಯವಸ್ಥೆ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಮ್ಯಾನುಯಲ್‌ನ ಗ್ರೇಡ್‌ನಲ್ಲೇ ಅಗ್ಗದ್ದು ಹಾಕಿ, ಫಿಲ್ಟರ್ ಸಮೇತ ಬೇಗ ಬದಲಾಯಿಸಿ. ಡಿಪಿಎಫ್ ಇರುವ ಬಿಎಸ್6 ಡೀಸೆಲ್ ಆಗಿದ್ದರೆ ಕಂಪನಿ ಬರೆದದ್ದು ಬಿಟ್ಟು ಬೇರೆ ಪ್ರಯೋಗ ಮಾಡಲೇಬೇಡಿ.

ಟ್ರ್ಯಾಕ್ಟರ್, ಹಳೇ ಜೀಪ್, ಟಾಟಾ 407: 15ಡಬ್ಲ್ಯು-40 ಸಿಐ-4 ಅಥವಾ ಸಿಎಚ್-4. ಇಲ್ಲಿ ಆಯಿಲ್‌ಗಿಂತ ಲೋಡ್ ಮುಖ್ಯ. ಗ್ಲೇಜಿಂಗ್ ಕಾಟ ಡೀಸೆಲ್‌ಗೆ ಜಾಸ್ತಿ. ಬೋರ್ ಆದ ಟ್ರ್ಯಾಕ್ಟರ್ ಮನೆ ಮುಂದೆ ದಿನವಿಡೀ ಐಡಲ್‌ನಲ್ಲಿ ಗುಡುಗುಡು ಅಂತ ಬಿಡೋ ಪದ್ಧತಿ ಇದೆ ನೋಡಿ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಟ್ರೇಲರ್ ಕಟ್ಟಿ ಅರ್ಧ ಲೋಡ್ ಹಾಕಿ ಓಡಿಸಿ.

ಟೂ ಸ್ಟ್ರೋಕ್ ಲೆಕ್ಕವೇ ಬೇರೆ. ಮೈಸೂರಿನಲ್ಲಿ 1996ರ ತನಕ ತಯಾರಾಗುತ್ತಿದ್ದ ಯೆಜ್ಡಿಯಾಗಲಿ, ಆರ್‌ಎಕ್ಸ್ 100 ಆಗಲಿ, ಪಿಸ್ಟನ್‌ಗೆ ಆಯಿಲ್ ಹೋಗೋದು ಪೆಟ್ರೋಲ್ ಜೊತೆಗೆ. ಒಳ್ಳೆ ಜಾಸೊ ಎಫ್‌ಸಿ ದರ್ಜೆಯ 2ಟಿ ಸಾಕು. ರನ್ನಿಂಗ್ ಇನ್‌ನಲ್ಲಿ ಸ್ವಲ್ಪ ಜಾಸ್ತಿ ಬೆರೆಸೋದು ರೂಢಿ, ಆದರೆ ಮನಸ್ಸಿಗೆ ಬಂದಷ್ಟು ಸುರಿಯಬೇಡಿ. ಆಯಿಲ್ ಜಾಸ್ತಿ ಆದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಡಿಮೆ ಆಗುತ್ತದೆ, ಮಿಶ್ರಣ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಪಿಸ್ಟನ್ ಹಿಡಿದುಕೊಂಡು ಸೀಜ್ ಆಗಬಾರದು ಅಂತ ಮಾಡಿದ್ದೇ ಸೀಜ್‌ಗೆ ದಾರಿ.

ಜೊತೆಗೆ ಏನನ್ನೂ ಸೇರಿಸಬೇಡಿ

ಅಂಗಡಿಯಲ್ಲಿ ಚಿಕ್ಕ ಬಾಟಲಿಗಳು ಇರುತ್ತವೆ. ಟೆಫ್ಲಾನ್, ಮಾಲಿಬ್ಡಿನಮ್, ಎಂಜಿನ್ ಟ್ರೀಟ್‌ಮೆಂಟ್ ಅಂತ. ಇವೆಲ್ಲ ಜಾರಿಸೋ ವಸ್ತುಗಳು, ಈ ಹೊತ್ತಿಗೆ ಬೇಡವೇ ಬೇಡ. ಜಿಂಕ್ ಬಾಟಲಿಯೂ ಬೇಡ. ಜಿಂಕ್ ಒಳ್ಳೇದು ಅಂದ ಮಾತ್ರಕ್ಕೆ ಜಾಸ್ತಿ ಸುರಿದರೆ ಜಾಸ್ತಿ ಒಳ್ಳೇದಲ್ಲ, ಅಳತೆ ಮೀರಿದರೆ ಅದೇ ಲೋಹವನ್ನು ಕೊರೆಯೋಕೆ ಶುರು ಮಾಡುತ್ತದೆ.

ಹಾಕಿದ ಮೇಲೆ ಓಡಿಸೋದು, ಚೆಲ್ಲೋದು

ಸ್ಟಾರ್ಟ್ ಮಾಡೋ ಮೊದಲು ಪ್ಲಗ್ ಬಿಚ್ಚಿ, ಕಿಕ್ ಹೊಡೆದು ಇಲ್ಲಾ ಸೆಲ್ಫ್ ಕೊಟ್ಟು ಆಯಿಲ್ ಮೇಲಿನ ತನಕ ಹತ್ತಿದೆಯಾ ನೋಡಿ. ಕಾರ್ ಆದರೆ ಡ್ಯಾಶ್‌ಬೋರ್ಡ್‌ನ ಆಯಿಲ್ ಲೈಟ್ ಆರಬೇಕು. ಮೊದಲ ಸ್ಟಾರ್ಟ್ ಆದ ಕೂಡಲೇ ಇಪ್ಪತ್ತು ನಿಮಿಷ 2000ದಿಂದ 2500 ಆರ್‌ಪಿಎಂನಲ್ಲಿ ಇಡಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದು ಹೊಸ ಚಪ್ಪಟೆ ಟ್ಯಾಪೆಟ್ ಕ್ಯಾಮ್ ಹಾಕಿದ, ನೀರಿನಿಂದ ತಣಿಯೋ ಕಾರ್ ಎಂಜಿನ್‌ಗೆ. ಅಂಬಾಸಿಡರ್‌ಗೆ ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿಸಿದ್ದರೆ ಮಾಡಿ. ಗಾಳಿಯಿಂದ ತಣಿಯೋ ಬೈಕನ್ನು ಸ್ಟ್ಯಾಂಡ್ ಹಾಕಿ ಇಪ್ಪತ್ತು ನಿಮಿಷ ರೇಸ್ ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದನ್ನು ಒಂದೆರಡು ನಿಮಿಷ ಓಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಂಡು ರಸ್ತೆಗೆ ಇಳಿಸಿ.

ರಸ್ತೆಯಲ್ಲಿ ಒಂದೇ ಸ್ಪೀಡ್ ಹಿಡಿದು ಹೋಗಬೇಡಿ. ಮೂರನೇ ಗೇರ್‌ನಲ್ಲಿ ಅರ್ಧ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಎಳೆಸಿ, ಆಮೇಲೆ ಪೂರ್ತಿ ಬಿಟ್ಟು ಗೇರ್‌ನಲ್ಲೇ ಇಳಿಯೋಕೆ ಬಿಡಿ, ಮತ್ತೆ ಎಳೆಸಿ. ಎಳೆಯುವಾಗ ರಿಂಗ್ ಗೋಡೆಗೆ ಒತ್ತುತ್ತದೆ, ಥ್ರಾಟಲ್ ಬಿಟ್ಟಾಗ ಸಿಲಿಂಡರ್‌ನೊಳಗೆ ನಿರ್ವಾತ ಆಗಿ ಕೆಳಗಿನ ಆಯಿಲ್ ಮೇಲೆ ಬಂದು ಗೋಡೆ ತಣಿಸುತ್ತದೆ, ಸವೆದ ಪುಡಿಯನ್ನೂ ತೊಳೆಯುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಹೀಗೆ ಮಾಡಿ ನಿಲ್ಲಿಸಿ ತಣ್ಣಗಾಗಲಿ. ಹೊಸ ಪಿಸ್ಟನ್‌ಗೆ ಸಂದು ಬಿಗಿಯಾಗಿ ಬಿಟ್ಟಿರುತ್ತಾರೆ, ಬಿಸಿಗೆ ಹಿಗ್ಗಿ ಹಿಡಿದುಕೊಳ್ಳೋ ಭಯ ನಿಜವಾದದ್ದೇ. ಹಾಗಾಗಿ ಹೈವೇಯಲ್ಲಿ ಪೂರ್ತಿ ಥ್ರಾಟಲ್ ತಿರುಗಿಸೋದು ಬೇಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತೋದೂ ಈಗಲೇ ಬೇಡ.

ಮೊದಲ ಆಯಿಲ್ ಐವತ್ತು ಕಿಲೋಮೀಟರ್ ಆಸುಪಾಸಿಗೆ, ಎಂಜಿನ್ ಬಿಸಿ ಇರುವಾಗಲೇ ಚೆಲ್ಲಿ. ಬಿಳಿ ತಟ್ಟೆಯೊಳಗೆ ಹಿಡಿದು ಬಿಸಿಲಿಗೆ ನೋಡಿದರೆ ಮಿರಿಮಿರಿ ಮಿಂಚೋ ಪುಡಿ ಕಾಣುತ್ತದೆ, ಅದು ಸಹಜ. ಬೆರಳಿಗೆ ಚುಚ್ಚೋ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಆಮೇಲೆ ಐನೂರು ಆದಾಗ ಒಮ್ಮೆ, ಸಾವಿರದೈನೂರು ಆದಾಗ ಮತ್ತೊಮ್ಮೆ. ಫಿಲ್ಟರ್ ಇದ್ದರೆ ಪ್ರತಿ ಸಲ ಹೊಸದು. ಸಾವಿರದೈನೂರು ದಾಟಿ ಹೊಗೆ ಇಲ್ಲ, ಆಯಿಲ್ ಮಟ್ಟ ಇಳಿಯುತ್ತಿಲ್ಲ ಅಂದರೆ ಸಿಂಥೆಟಿಕ್‌ಗೆ ಹೋಗೋರು ಹೋಗಬಹುದು. ಹಳೇ ಆಯಿಲ್ ಮೋರಿಗೆ ಸುರಿಯಬೇಡಿ, ಗ್ಯಾರೇಜ್‌ನವರು ಡ್ರಮ್‌ನಲ್ಲಿ ಕೂಡಿಟ್ಟು ಮಾರುತ್ತಾರೆ, ಅವರಿಗೇ ಕೊಡಿ.

ನಕಲಿ ಆಯಿಲ್ ಕಾಟವೂ ಇದೆ. ಮಿನರಲ್ಲಾ ಸಿಂಥೆಟಿಕ್ಕಾ ಅಂತ ಇಷ್ಟೆಲ್ಲ ತಲೆ ಕೆಡಿಸಿಕೊಂಡು, ಹೆಸರಾಂತ ಕಂಪನಿಯ ಡಬ್ಬದಲ್ಲಿ ಸೋಸಿದ ಹಳೇ ಆಯಿಲ್ ತಂದು ಸುರಿದರೆ ಏನು ಬಂತು? ಬಂಕ್‌ನಲ್ಲಿ ಇಲ್ಲಾ ಕಂಪನಿಯ ಅಧಿಕೃತ ಅಂಗಡಿಯಲ್ಲಿ ತಗೊಳ್ಳಿ, ಬಿಲ್ ಕೇಳಿ, ಮುಚ್ಚಳದ ಸೀಲ್ ನಿಮ್ಮ ಕಣ್ಮುಂದೆ ಒಡೆಯಲಿ. ಬೇರೆ ಕಡೆಗಿಂತ ಸಿಕ್ಕಾಪಟ್ಟೆ ಅಗ್ಗಕ್ಕೆ ಕೊಟ್ಟರೆ ಅನುಮಾನ ಪಡಿ. ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಲ್ಲಿ ತೂತು ಹೊಡೆದು ಬಿಸಾಕಿ, ಆ ಡಬ್ಬವೇ ಮತ್ತೆ ತುಂಬಿ ಬರೋದು.

ಇನ್ನು ಹೊಗೆ. ಮೊದಲ ಕೆಲವು ಕಿಲೋಮೀಟರ್ ಸೈಲೆನ್ಸರ್‌ನಲ್ಲಿ ಸ್ವಲ್ಪ ನೀಲಿ ಹೊಗೆ ಬಂದರೆ ಗಾಬರಿ ಬೇಡ, ಜೋಡಿಸುವಾಗ ಹಚ್ಚಿದ ಆಯಿಲ್ ಸುಡುತ್ತಿರುತ್ತದೆ. ಸಾವಿರದೈನೂರು ಕಿಲೋಮೀಟರ್ ಆದ ಮೇಲೂ ಬರುತ್ತಿದ್ದರೆ ಯಾವಾಗ ಬರುತ್ತದೆ ಅಂತ ಗಮನಿಸಿ. ಎಳೆಯುವಾಗ ಬಂದರೆ ಅನುಮಾನ ರಿಂಗ್ ಮೇಲೆ, ಥ್ರಾಟಲ್ ಬಿಟ್ಟು ಇಳಿದು ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಸೀಲ್, ಗೈಡ್ ಮೇಲೆ. ಆಗ ಆಯಿಲ್ ಬ್ರ್ಯಾಂಡ್ ಬದಲಾಯಿಸುತ್ತಾ ಕೂರಬೇಡಿ, ಕಂಪ್ರೆಷನ್ (ಸಿಲಿಂಡರ್ ಒಳಗೆ ಕಟ್ಟೋ ಒತ್ತಡ) ನೋಡಿಸಿ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಈ ಸಲ ಏರಿದರೆ ರಿಂಗ್ ಕೂತಿಲ್ಲ, ಸಿಲಿಂಡರ್ ಬಿಚ್ಚಬೇಕು. ಏರದೇ ಹಾಗೇ ಇದ್ದರೆ ಹೆಡ್ ಕೆಲಸ, ಬೋರ್ ಮಾಡಿದ ಲೇತ್‌ನವರನ್ನು ಬೈಯೋ ಅಗತ್ಯ ಇಲ್ಲ.